ಬೀಳಿಸದ ಬೆರಳು

ಸಾರ್ವಜನಿಕ ಜೀವನಕ್ಕೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ನಾನು ಎದೆ ಸೆಟೆಸಿ ಹೇಳಬಹುದಾದದ್ದು ಒಂದೇ: ಬಿದ್ದಿದ್ದೇನೆ. ಟಿ. ನರಸೀಪುರದ ಶಾಲಾ ಮೈದಾನದಲ್ಲಿ ಬಿದ್ದಿದ್ದೇನೆ. ನಂಜನಗೂಡಿನ ಸಭಾಭವನದ ವೇದಿಕೆಯ ಮೇಲೆ ಬಿದ್ದಿದ್ದೇನೆ. ಮೂಗೂರಿನಲ್ಲಿ ಮುಖ್ಯೋಪಾಧ್ಯಾಯರೊಬ್ಬರ ನಿವೃತ್ತಿ ಸಮಾರಂಭದಲ್ಲಿ, ಅವರಿಗೆ ಶಾಲು ಹೊದಿಸಿದ್ದಕ್ಕೂ ಎಲೆ ಹಾಕಿದ್ದಕ್ಕೂ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ ಮೂರು ಸಲ ಬಿದ್ದಿದ್ದೇನೆ. ಹೀಗೆ ಇಪ್ಪತ್ತೆರಡು ವರ್ಷ. ಪ್ರತಿ ಸಲವೂ ನನ್ನನ್ನು ಕೆಡವಿದವರು ಒಬ್ಬರೇ, ಅದೂ ಒಂದೇ ಹೆಬ್ಬೆರಳಿನಿಂದ. ಆ ಹೆಬ್ಬೆರಳಿನ ಯಜಮಾನರು ಹೋದ ತಿಂಗಳು ತೀರಿಕೊಂಡರು. ಅವರ ವಿಷಯ ನಾಲ್ಕು ಮಾತು ಬರೆಯುವ ಅಧಿಕಾರ ಯಾರಿಗಾದರೂ ಇದ್ದರೆ, ಅವರ ಕೈಯಲ್ಲಿ ಅತಿ ಹೆಚ್ಚು ಸಲ ನೆಲ ಕಂಡ ನನಗಿದೆ ಎಂದು ನಂಬಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಗರಡಿಮನೆಯ ಗೋಡೆಗೆ ಸುಣ್ಣ ಹೊಡೆಸಿದ ವರ್ಷ ಅವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸೋಣವೆಂದು ನಾವು ಹೊರಟಾಗ ಅವರು ಬಣ್ಣದ ಡಬ್ಬಿಯನ್ನೇ ಎತ್ತಿಟ್ಟುಕೊಂಡರು. ಬದುಕಿದ್ದಾಗ ಬೇಡವೆಂದದ್ದನ್ನು ಸತ್ತ ಮೇಲೆ ಮಾಡಿದರೆ ಅದು ಎದುರಾಳಿ ಬೆನ್ನು ತಿರುಗಿಸಿದಾಗ ಪಟ್ಟು ಹಾಕಿದಂತೆ. ಗರಡಿಯ ಮರ್ಯಾದೆಗೆ ಅದು ಸಲ್ಲದು.

ಉದ್ಯೋಗದಲ್ಲಿ ಅವರು ಸರ್ಕಾರಿ ಬಸ್ಸಿನ ಕಂಡಕ್ಟರು. ಬೆಳಗ್ಗೆ ಆರರಿಂದ ಏಳೂವರೆಯವರೆಗೆ ನರಸೀಪುರದ ಗರಡಿಯಲ್ಲಿ ಉಸ್ತಾದರು. ಎಂಟಕ್ಕೆ ಖಾಕಿ ತೊಟ್ಟು ನಂಜನಗೂಡಿನ ಬಸ್ಸಿನ ಬಾಗಿಲಲ್ಲಿ ಹಾಜರು. ನಾನು ನಂಜನಗೂಡಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿಗಳ ಧೂಳು ಕುಡಿಯುವ ಗುಮಾಸ್ತ. ಹಾಗಾಗಿ ದಿನವೂ ಎರಡು ಸಲ ಅವರ ಆಳ್ವಿಕೆಗೆ ಒಳಪಡುತ್ತಿದ್ದೆ. ಗರಡಿಯಲ್ಲಿ ನಾನು "ಏನ್ಲಾ" ಆಗಿದ್ದೆ. ಬಸ್ಸು ಹತ್ತಿದೊಡನೆ "ಒಳಕ್ ನಡೀರಿ ಸಾ" ಆಗುತ್ತಿದ್ದೆ. ಅರ್ಧ ಗಂಟೆಯಲ್ಲಿ ಸಿಗುವ ಇಂಥ ಬಡ್ತಿ ಸರ್ಕಾರಿ ನೌಕರಿಯಲ್ಲಿ ಮತ್ತೆಲ್ಲೂ ಇಲ್ಲ.

ಅವರನ್ನು ನೋಡಲೆಂದೇ ದೂರದ ಹಳ್ಳಿಗಳಿಂದ ಬಂದವರಿಗೆ ಮೊದಲು ನಿರಾಸೆಯಾಗುತ್ತಿತ್ತು. ಭೀಮನಂಥ ಆಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರ ಎದುರಿಗೆ ಐದಡಿ ಮೂರಂಗುಲದ, ಕೊಂಚ ಹೊಟ್ಟೆ ಬಂದ, ಕಿವಿಯಲ್ಲಿ ಕೂದಲು ಬೆಳೆದ ಒಬ್ಬ ಗೃಹಸ್ಥರು ನಿಂತಿರುತ್ತಿದ್ದರು. ಭಾನುವಾರಗಳಲ್ಲಿ ಬದನವಾಳಿನ ಖಾದಿಯ ಅರ್ಧತೋಳಿನ ಅಂಗಿ. ಹೆಬ್ಬೆರಳು ಮಾತ್ರ ಅಸಾಧಾರಣ: ಅಗಲ, ಚಪ್ಪಟೆ, ಮೆಟ್ಟಿ ಮೆಟ್ಟಿ ಸವೆದ ಹೊಸ್ತಿಲಿನ ಹಾಗೆ. ಯಾರು ಎದುರಿಗೆ ಬಂದರೂ ಅವರು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಪಾದವನ್ನು. ಸುಳ್ಳು ಹೇಳುವವನ ಬಾಯಿ ನಗುತ್ತದೆ, ಪಾದ ನಗುವುದಿಲ್ಲ ಎಂಬುದು ಅವರ ವಾದ. ಹಿಂದಿನ ಸ್ಟಾಪಿನಲ್ಲೇ ಹತ್ತಿ ಈಗತಾನೇ ಹತ್ತಿದಂತೆ ನಟಿಸುವ ಪ್ರಯಾಣಿಕರನ್ನು ಅವರು ಪಾದ ನೋಡಿಯೇ ಹಿಡಿಯುತ್ತಿದ್ದರು. ಅಂಥವರು ನನ್ನ ಪಾದವನ್ನು ಇಪ್ಪತ್ತೆರಡು ವರ್ಷ ನೋಡಲಿಲ್ಲವೆಂಬುದು ಈ ಬರಹದ ಮುಖ್ಯ ವಿಷಯ.

ಅವರ ಕೀರ್ತಿಯೆಲ್ಲ ಮರ್ಮವಿದ್ಯೆಯದು. ಕುಸ್ತಿಯ ಪಟ್ಟುಗಳನ್ನು ಕಲಿಸುವವರು ಆ ಸೀಮೆಯಲ್ಲಿ ಬೇರೆಯವರೂ ಇದ್ದರು. ಆದರೆ ಮೂಗೂರಿನ ಒಬ್ಬ ಮುದುಕರಿಂದ ಹನ್ನೆರಡು ಮರ್ಮಸ್ಥಾನಗಳನ್ನು ಕಲಿತು ಬಂದವರು ಇವರೊಬ್ಬರೇ. ಮೈಯಲ್ಲಿ ಇಂತಿಂಥ ಕಡೆ ಹೆಬ್ಬೆರಳಿಟ್ಟು ಒತ್ತಿದರೆ ಎಂಥ ಜಟ್ಟಿಯೂ ಕುಸಿಯುತ್ತಾನೆ ಎಂಬುದು ಆ ವಿದ್ಯೆಯ ಸಾರ. ಮುದುಕರು ಹೇಳಿಕೊಟ್ಟಿದ್ದ ಸಂಸ್ಕೃತದ ಹೆಸರುಗಳು ನಮ್ಮ ನಾಲಿಗೆಯ ಮೇಲೆ ನಿಲ್ಲದೆ ಹೋದದ್ದರಿಂದ, ಇವರು ಆ ಹನ್ನೆರಡಕ್ಕೂ ತಮ್ಮ ರೂಟಿನ ಸ್ಟಾಪುಗಳ ಹೆಸರಿಟ್ಟರು. ಕಿವಿಯ ಹಿಂದಿನ ಗುಳಿ ಬಸ್ ಸ್ಟ್ಯಾಂಡು, ಕೊರಳ ಪಕ್ಕ ಪಂಪ್‌ಹೌಸು, ಹೆಗಲ ಮೂಳೆಯ ಹಿಂದಿನ ಹಳ್ಳ ರೈಸ್‌ಮಿಲ್ಲು, ಮಣಿಕಟ್ಟಿನ ಒಳಬದಿ ಸೇತುವೆ. ಹೊಸಬರು ಕೇಳಿದರೆ ಸಾರಿಗೆ ಇಲಾಖೆಯ ಪರೀಕ್ಷೆಗೆ ಓದುತ್ತಿದ್ದಾರೆಂದು ತಿಳಿಯಬೇಕು, ಹಾಗೆ ನಾವು ಅವನ್ನು ಬಾಯಿಪಾಠ ಮಾಡುತ್ತಿದ್ದೆವು.

ಗರಡಿಗೆ ಸೇರುವ ಪದ್ಧತಿ ಹೀಗಿತ್ತು. ಹೊಸಬ ಸ್ನಾನ ಮಾಡಿ, ತೆಂಗಿನಕಾಯಿ, ವೀಳ್ಯದೆಲೆ ತಂದು, ಕುಸ್ತಿಯ ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಂಡು ನಿಲ್ಲಬೇಕು. ಉಸ್ತಾದರು ಅವನ ರೈಸ್‌ಮಿಲ್ಲಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಾರೆ. ಅವನು ಮಣ್ಣಿನ ಮೇಲೆ ಬೀಳುತ್ತಾನೆ. ಮಣ್ಣು ಒಪ್ಪಿಕೊಂಡಿತು ಎಂದು ಎಲ್ಲರೂ ಕೈ ಮುಗಿಯುತ್ತಾರೆ. ನನ್ನ ಸರದಿ ಬಂದಾಗ ಅವರು ಒತ್ತಿದರು. ನೋವಾಯಿತು. ಒಳ್ಳೆಯ ನೋವೇ. ಆದರೆ ಕುಸಿಯುವಂಥದ್ದು ಏನೂ ಆಗಲಿಲ್ಲ. ಸುತ್ತ ಹಿರಿಯ ಶಿಷ್ಯರು ಕಾದು ನಿಂತಿದ್ದರು. ಕಾಯಿ ಒಡೆದಾಗಿತ್ತು. ಉಸ್ತಾದರ ಮುಖದಲ್ಲಿ ಒಂದು ಪ್ರಸನ್ನತೆ ಇತ್ತು. ಇವರೆಲ್ಲ ಬಿದ್ದ ಬೆರಳಿಗೆ ನಾನೊಬ್ಬ ನಿಂತಿದ್ದೇನೆಂದರೆ ನನ್ನ ನರಗಳ ರಚನೆಯಲ್ಲೇ ಏನೋ ದೋಷವಿದೆ ಎಂದು ಹೊಳೆದು ನಾಚಿಕೆಯಾಯಿತು. ಬಿದ್ದೆ. ಚೆನ್ನಾಗಿ ಬಿದ್ದೆನೆಂದು ಕಾಣುತ್ತದೆ, ಏಕೆಂದರೆ ಮುಂದೆ ಎಲ್ಲ ಪ್ರದರ್ಶನಗಳಿಗೂ ಬೀಳುವವನಾಗಿ ನನ್ನನ್ನೇ ಆರಿಸಿಕೊಂಡರು.

ಆ ಕಲೆಯಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಒಂದು ಶಾಲಾ ವಾರ್ಷಿಕೋತ್ಸವದಲ್ಲಿ ಉಸ್ತಾದರು ನನ್ನ ಮುಂದೆ ನಿಂತು, ಸೊಳ್ಳೆ ಕಚ್ಚಿತೆಂದು ತಮ್ಮ ಕಿವಿ ಕೆರೆದುಕೊಳ್ಳಲು ಕೈ ಎತ್ತಿದರು. ನಾನು ಬಿದ್ದುಬಿಟ್ಟೆ. ಮುಟ್ಟದೆಯೇ ಕೆಡವಿದರೆಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂದಿನಿಂದ ಅವರ ಬಿರುದು "ಮುಟ್ಟದೆ ಕೆಡಹುವವರು" ಎಂದಾಯಿತು. ಅವರಿಗೂ ಆಶ್ಚರ್ಯವಾಗಿರಬೇಕು. ವಾರವೆಲ್ಲ ಬಸ್ಸಿನಲ್ಲಿ ತಮ್ಮ ಬೆರಳನ್ನು ಆಗಾಗ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಬಸ್ಸಿನ ಹೆಂಗಸರು ಇದಕ್ಕೆಲ್ಲ ಮಂಗಳ ಹಾಡಿದರು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಹೊಲಿಗೆ ಕಾರ್ಖಾನೆಗೆ ಹೋಗುವ ಹತ್ತು ಹನ್ನೆರಡು ಮಂದಿ ದಿನವೂ ನಮ್ಮ ಬಸ್ಸಿಗೆ ಹತ್ತುತ್ತಿದ್ದರು. ಅವರಲ್ಲಿ ಒಬ್ಬಾಕೆ, ಮೂವತ್ತರ ಆಸುಪಾಸಿನವಳು, ಕಾಲುವೆ ಸ್ಟಾಪಿನಲ್ಲಿ ಹತ್ತಿ ಸಂಜೆ ಅಲ್ಲೇ ಇಳಿಯುತ್ತಿದ್ದಳು. ಅಲ್ಲಿಂದ ಅವಳ ಊರಿಗೆ ಕಬ್ಬಿನ ಗದ್ದೆಗಳ ನಡುವೆ ಒಂದು ಮೈಲಿ ನಡಿಗೆ. ಆ ದಾರಿಯಲ್ಲಿ ಒಬ್ಬ ಬೈಕಿನವನು ಕೆಲವು ದಿನಗಳಿಂದ ಸಂಜೆ ಹೊತ್ತು ಅವಳ ಹಿಂದೆಯೇ ನಿಧಾನವಾಗಿ ಬರಲು ಶುರುಮಾಡಿದ್ದ. ಮಾತಿಲ್ಲ ಕತೆಯಿಲ್ಲ, ಹಿಂದೆ ಬರುವುದು, ಊರು ಹತ್ತಿರವಾದಾಗ ತಿರುಗಿ ಹೋಗುವುದು. ಆಕೆ ಟಿಕೆಟ್ ತೆಗೆದುಕೊಳ್ಳುವಾಗ ಉಸ್ತಾದರನ್ನು ನೇರವಾಗಿ ಕೇಳಿದಳು.

"ಬೆಳ್ಳಲ್ಲಿ ಮುಟ್ಟಿ ಬೀಳಿಸ್ತೀರಂತಲ್ಲ ಸಾ. ನಮ್ಗೂ ಅದ್ನ ಯೋಳ್ಕೊಡಿ."

ಹೆಂಗಸರು ಗರಡಿಯ ಮಣ್ಣು ಮೆಟ್ಟುವಂತಿಲ್ಲ ಎಂದು ನಮ್ಮ ಹಿರಿಯ ಶಿಷ್ಯರು ತಕರಾರು ತೆಗೆದರು. ಉಸ್ತಾದರು ವಾದಕ್ಕೆ ಕೂರದೆ ನರಸೀಪುರದ ಸರ್ಕಾರಿ ಶಾಲೆಯ ಅಂಗಳವನ್ನು ಭಾನುವಾರಗಳಿಗೆ ಕೇಳಿ ಪಡೆದರು. ಮೊದಲ ಭಾನುವಾರ ಹನ್ನೊಂದು ಮಂದಿ ಬಂದರು. ನಾನು ನನ್ನ ವೃತ್ತಿಧರ್ಮದಂತೆ ಬೀಳಲು ಸಿದ್ಧನಾಗಿ, ಹಳೆಯ ಪ್ಯಾಂಟು ಹಾಕಿಕೊಂಡು ಹೋಗಿದ್ದೆ.

ಉಸ್ತಾದರು ಸೇತುವೆಯ ಮಹಿಮೆಯನ್ನು ವಿವರಿಸಿ, ಆ ಹೆಣ್ಣುಮಗಳ ಅನುಮತಿ ಕೇಳಿ, ಮಣಿಕಟ್ಟು ಹಿಡಿದು ಒತ್ತಿದರು. ಆಕೆ ನಿಂತೇ ಇದ್ದಳು. ಇನ್ನಷ್ಟು ಒತ್ತಿದರು. ಆಕೆಯ ಕಣ್ಣಲ್ಲಿ ನೀರು ಬಂತು, ಮಂಡಿ ಬಾಗಲಿಲ್ಲ.

"ನೋಯ್ತದೆ ಸಾ," ಎಂದಳು. "ಬೀಳ್ಬೇಕಾ? ಬೀಳ್ಬೇಕು ಅನ್ನಂಗಿದ್ರೆ ಯೋಳಿ, ಬೀಳ್ತೀನಿ."

ಉಸ್ತಾದರು ಕೈ ಬಿಟ್ಟು ನನ್ನ ಕಡೆ ತಿರುಗಿದರು. ನಾನು ಮುಂದೆ ಬಂದೆ. ಅವರು ನನ್ನ ಸೇತುವೆ ಒತ್ತಿದರು, ನಾನು ಬಿದ್ದೆ. ಕಣ್ಣಾಲಿ ಮೇಲಕ್ಕೆ ತಿರುಗಿಸುವುದನ್ನೂ ಬಿಡಲಿಲ್ಲ. ಆ ಹೆಣ್ಣುಮಗಳು ನನ್ನ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು.

"ಅಣ್ಣ, ನಿಮ್ಗೆ ನಿಜ್ವಾಗ್ಲೂ ಅಂಗಾಯ್ತದಾ? ಯಾಕ್ ಕೇಳ್ತೀನಿ ಅಂದ್ರೆ, ನಾನು ಇದ್ನೇ ನಂಬ್ಕಂಡು ನಾಳೆ ಗದ್ದೆ ದಾರೀಲಿ ಓಗ್ಬೇಕು."

ಮಲಗಿದಲ್ಲಿಂದ ನನಗೆ ಆಕಾಶವೂ ಶಾಲೆಯ ಧ್ವಜಸ್ತಂಭವೂ ಕಾಣುತ್ತಿದ್ದವು. ಎರಡೂ ನನಗೆ ಸಹಾಯಕ್ಕೆ ಬರಲಿಲ್ಲ. ಉಸ್ತಾದರು ನನ್ನ ಪಾದಗಳನ್ನು ನೋಡುತ್ತಿದ್ದರು. ಮೊಟ್ಟಮೊದಲ ಸಲ ನೋಡುತ್ತಿದ್ದರು.

"ಏಳ್ಲಾ," ಎಂದರು. "ಇನ್ನೊಂದ್ ಸಲ ಒತ್ತೀನಿ. ಬೀಳಂಗಾದ್ರೆ ಬೀಳು. ಇಲ್ದಿದ್ರೆ ನಿಂತಿರು."

ಒತ್ತಿದರು. ಅಭ್ಯಾಸಬಲದಿಂದ ಮಂಡಿ ಅರ್ಧ ಬಾಗಿತು. ಅದನ್ನು ಪ್ರಯತ್ನಪೂರ್ವಕವಾಗಿ ನೇರ ಮಾಡಿದೆ. ನಿಂತೆ. ಇಷ್ಟು ವರ್ಷ ಅವರ ಕೈಕೆಳಗೆ ಕಲಿತು ನಾನು ಮಾಡಿದ ಅತ್ಯಂತ ಕಷ್ಟದ ಸಾಧನೆ ಅದು.

"ಎಷ್ಟ್ ದಿನದಿಂದ?" ಎಂದು ಕೇಳಿದರು.

"ಕಾಯಿ ತಂದ್ ದಿನದಿಂದ, ಗುರುಗಳೇ."

ಕಪಾಳಕ್ಕೆ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಕೆಟ್ಟುಹೋದ ಟಿಕೆಟ್ ಮಷೀನನ್ನು ನೋಡುವ ಹಾಗೆ ಅವರು ತಮ್ಮ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಂಗಸರಿಗೆ, ಇಂದು ಪಾಠವಿಲ್ಲ, ಕಲಿಸುವವನು ಮೊದಲು ಕಲಿತು ಬರಬೇಕಾಗಿದೆ, ಒಂದು ವಾರ ಸಮಯ ಕೊಡಿ ಎಂದರು. ಆ ಹೆಣ್ಣುಮಗಳಿಗೆ ಮಾತ್ರ, ಅಲ್ಲಿಯವರೆಗೆ ಕಾಲುವೆಯ ಹತ್ತಿರ ಇಳಿಯಬೇಡ, ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗಳ ಸಾಲಿನ ಮೇಲೆ ಸುತ್ತಿಕೊಂಡು ಹೋಗು ಎಂದು ಎರಡೆರಡು ಸಲ ಹೇಳಿದರು.

ಮಾರನೆಯ ಬೆಳಗ್ಗೆ ಗರಡಿಯಲ್ಲಿ ವಿಚಾರಣಾ ಆಯೋಗ ಕೂತಿತು. ಆಯೋಗದ ಅಧ್ಯಕ್ಷರು, ಸದಸ್ಯರು, ಆಪಾದಿತರು ಎಲ್ಲರೂ ಅವರೇ. ನಾವು ಹದಿನಾಲ್ಕು ಮಂದಿ ಸಾಲಾಗಿ ನಿಂತೆವು. ಅವರು ಹೇಳಿದ್ದು ಇಷ್ಟೇ: "ಇವತ್ ಯಾವನಾರಾ ನಂಗೆ ಮರ್ಯಾದೆ ಕೊಟ್ಟು ಬಿದ್ರೆ, ನಾಳೆಯಿಂದ ಅವ್ನು ಈ ಕಡೀಕ್ ಬರದು ಬ್ಯಾಡ."

ಹನ್ನೆರಡು ಸ್ಥಾನ, ಹದಿನಾಲ್ಕು ದೇಹ. ಬಸ್ ಸ್ಟ್ಯಾಂಡಿನಿಂದ ಕೊನೆಯ ಸ್ಟಾಪಿನವರೆಗೆ ಒಬ್ಬೊಬ್ಬರನ್ನೂ ಒತ್ತಿದರು. ಕೆಲವರು ಹಲ್ಲು ಕಚ್ಚಿದರು, ಇಬ್ಬರು ತಾಯಿಯನ್ನು ನೆನೆದರು. ಯಾರೂ ಬೀಳಲಿಲ್ಲ. ಆಮೇಲೆ ತಪ್ಪೊಪ್ಪಿಗೆಗಳು ಹೊರಬಂದವು. ನನ್ನ ಹಾಗೆ ಪ್ರತಿಯೊಬ್ಬನೂ ತನ್ನೊಬ್ಬನಿಗೇ ಏನೂ ಆಗುವುದಿಲ್ಲ, ಉಳಿದವರೆಲ್ಲ ನಿಜವಾಗಿ ಬೀಳುತ್ತಿದ್ದಾರೆ ಎಂದು ನಂಬಿ, ಆ ಗುಟ್ಟನ್ನು ಹೆಂಡತಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ. ನಮ್ಮೆಲ್ಲರಿಗಿಂತ ಹಿರಿಯ ಶಿಷ್ಯ, ನಂಜನಗೂಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು, ನರಗಳು ಸತ್ತಿವೆಯೇ ಎಂದು ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದನಂತೆ. ಡಾಕ್ಟರು ಏನೂ ತೊಂದರೆಯಿಲ್ಲ ಎಂದದ್ದಕ್ಕೆ ಅವನಿಗೆ ಡಾಕ್ಟರ ಮೇಲೆಯೇ ಅನುಮಾನ ಬಂದಿತ್ತು. ಇದನ್ನು ಕೇಳಿ ಮೊದಲು ನಕ್ಕವರು ಉಸ್ತಾದರು. ನಕ್ಕು ನಕ್ಕು ಕೆಂಪು ಮಣ್ಣಿನ ಮೇಲೆ ಕೂತುಬಿಟ್ಟರು.

ಅಲ್ಲಿಗೆ ಮುಗಿಸಬಹುದಾಗಿತ್ತು. ಅವರು ಮುಗಿಸಲಿಲ್ಲ. ಆ ವಾರವೆಲ್ಲ ಪರೀಕ್ಷೆ ನಡೆಯಿತು. ಸುಮ್ಮನೆ ನಿಂತವನ ಮೇಲೆ, ಮೈಗೆ ಎಣ್ಣೆ ಹಚ್ಚಿದವನ ಮೇಲೆ, ಬೆವತವನ ಮೇಲೆ, ಸ್ವೆಟರ್ ತೊಟ್ಟವನ ಮೇಲೆ, ಬೈದು ರೇಗಿಸಿ ಮೈಮೇಲೆ ಬರುವಂತೆ ಮಾಡಿದವನ ಮೇಲೆ ಒಂದೊಂದು ಸ್ಥಾನವನ್ನೂ ಒತ್ತಿ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸಿಟ್ಟಿನಲ್ಲಿ ನುಗ್ಗಿ ಬಂದವನಿಗೆ ನೋವೇ ತಿಳಿಯುತ್ತಿರಲಿಲ್ಲ. ಅವನು ಅಲ್ಲಾಡುತ್ತಿದ್ದರೆ ಬೆರಳಿಗೆ ಆ ಜಾಗವೇ ಸಿಗುತ್ತಿರಲಿಲ್ಲ. ಒಬ್ಬನಿಗೆ ನೋಯುವ ಕಡೆ ಇನ್ನೊಬ್ಬನಿಗೆ ಕಚಗುಳಿಯಾಗುತ್ತಿತ್ತು. ಒಂಬತ್ತು ಸ್ಥಾನಗಳ ಮೇಲೆ ಅಡ್ಡಗೀಟು ಬಿತ್ತು. ಎರಡು ಮಾತ್ರ, ಇಬ್ಬರು ಬಿಗಿಯಾಗಿ ಹಿಡಿದುಕೊಂಡವನ ಮೇಲೆ ಚೆನ್ನಾಗಿ ನಡೆದವು. "ಇಬ್ರು ಇಡ್ಕಂಡಿದ್ಮೇಲೆ ಮರ್ಮ ಯಾಕ್ಲಾ ಬೇಕು?" ಎಂದು ಅವಕ್ಕೂ ಗೀಟು ಎಳೆದರು. ಉಳಿದದ್ದು ಪಕ್ಕೆಲುಬಿನ ಕೆಳಗಿನ ಒಂದು. ಅಲ್ಲಿ ಒತ್ತಿದರೆ ಏನೂ ಇಲ್ಲ, ಮೊಣಕೈಯಿಂದ ಗುದ್ದಿದರೆ ಉಸಿರು ನಿಲ್ಲುತ್ತಿತ್ತು. ಅದು ಮರ್ಮವಲ್ಲ, ಏಟು ಎಂದು ತೀರ್ಪಾಯಿತು.

ಬಸ್ಸಿನಲ್ಲೂ ಒಂದು ಪ್ರಯೋಗ ನಡೆಯಿತು, ಅದಕ್ಕೆ ನಾನೇ ಸಾಕ್ಷಿ. ಕುಡಿದವನೊಬ್ಬ ತನ್ನ ಸ್ಟಾಪು ಬಂದರೂ ಕಂಬ ಬಿಡದೆ ಜೋತುಕೊಂಡಿದ್ದ. ಉಸ್ತಾದರು ಹಿಂದಿನಿಂದ ಹೋಗಿ ಅವನ ರೈಸ್‌ಮಿಲ್ಲನ್ನು ಬಲವಾಗಿ ಒತ್ತಿದರು. ಅವನು ಕಣ್ಣು ಮುಚ್ಚಿಕೊಂಡು, "ಇನ್ನೊಂಚೂರ್ ಕೆಳೀಕೆ ಒತ್ತಣ್ಣ, ಅಲ್ಲೇ ಇಡ್ಕಂಡಿರದು" ಎಂದ. ಇಡೀ ಬಸ್ಸು ನಕ್ಕಿತು. ಉಸ್ತಾದರು ಅವನು ಹೇಳಿದ ಕಡೆಗೇ ಇನ್ನೆರಡು ಸಲ ಒತ್ತಿ, ಸಮಾಧಾನ ಮಾಡಿ, ಕೈಹಿಡಿದು ಇಳಿಸಿದರು.

ಆ ದಿನಗಳಲ್ಲೇ ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ: ಮೂಗೂರಿನ ಗುರುಗಳು ನಿಮ್ಮನ್ನು ಒತ್ತಿದಾಗ ನಿಮಗೆ ಏನಾಗಿತ್ತು? ಅವರು ಎರಡು ಸ್ಟಾಪಿನಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಬಂದರು. ಆಮೇಲೆ, "ಬಿದ್ದೆ ಕಣಪ್ಪ," ಎಂದರು. "ಅವ್ರಿಗೆ ಆಗ್ಲೇ ಎಂಬತ್ತಾಗಿತ್ತು. ನಾನು ಪಡ್ಡೆ ಉಡ್ಗ. ಅವ್ರು ಒತ್ತಿ, ನಾನ್ ಅಂಗೇ ನಿಂತ್ಕಂಡಿದ್ರೆ ಏನ್ ಚೆಂದ ಇರ್ತಿತ್ತು?"

ಅವರ ಗುರುವಿನ ಗುರುವಿಗೆ ಏನಾಗಿತ್ತೋ ದೇವರೇ ಬಲ್ಲ. ಬಹುಶಃ ನಮ್ಮ ಕಡೆ ಎಷ್ಟೋ ತಲೆಮಾರುಗಳಿಂದ ಒಬ್ಬರ ಮನಸ್ಸನ್ನು ಒಬ್ಬರು ನೋಯಿಸದೆ ಸರದಿಯಂತೆ ಬಿದ್ದುಕೊಂಡು ಬಂದಿರಬೇಕು.

ಮುಂದಿನ ಭಾನುವಾರದಿಂದ ಹೆಂಗಸರಿಗೆ ಬೇರೆಯ ಪಾಠ ಶುರುವಾಯಿತು. ಮರ್ಮದ ಮಾತಿಲ್ಲ. ಹಿಡಿದ ಕೈಯಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಜಗ್ಗಿದರೆ ಎಂಥ ಹಿಡಿತವೂ ಬಿಡುತ್ತದೆ. ಬಿಟ್ಟ ಕೈಯನ್ನು ಮಡಿಸಿ ಮೊಣಕೈಯಿಂದ ಮೂಗಿಗೋ ಪಕ್ಕೆಗೋ ಒಂದು. ಗಂಟಲು ಹರಿಯುವಂತೆ ಕೂಗು. ಆಮೇಲೆ ಓಟ. ಓಡುವುದನ್ನು ಅವರು ಒಂದು ಪಟ್ಟು ಎಂದೇ ಕಲಿಸಿದರು, ಅರ್ಧಕ್ಕೆ ನಿಂತು ತಿರುಗಿ ನೋಡಿದವರಿಗೆ ಬೈಗುಳ. ನನ್ನ ಕೆಲಸವೂ ಬದಲಾಯಿತು. ಬೀಳುವುದರ ಬದಲು ಹಿಡಿದುಕೊಳ್ಳುವುದು; ಏನೇ ಆದರೂ ಬಿಡಬಾರದೆಂದು ಅಪ್ಪಣೆ. ಮೂರನೆಯ ವಾರದಲ್ಲಿ ಆ ಹೆಣ್ಣುಮಗಳು ನನ್ನ ಹಿಡಿತದಿಂದ ಕೈ ಕಿತ್ತುಕೊಂಡ ರಭಸಕ್ಕೆ ನನ್ನ ಹೆಬ್ಬೆರಳು ಉಳುಕಿ, ಒಂದು ವಾರ ಕಚೇರಿಯಲ್ಲಿ ಸಹಿ ಹಾಕಲಾಗಲಿಲ್ಲ. ಕಾರಣ ಕೇಳಿದ ಶಿರಸ್ತೇದಾರರಿಗೆ ನಾನು ನಿಜವನ್ನೇ ಹೇಳಿದೆ. ಅವರು ನಂಬಲಿಲ್ಲ.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ನರಸೀಪುರದ ಮೈದಾನದಲ್ಲಿ ಧ್ವಜಾರೋಹಣವಾದ ಮೇಲೆ, ಮಕ್ಕಳ ಕೋಲಾಟಕ್ಕೆ ಮುಂಚೆ, ಉಸ್ತಾದರ ಒಂದು ಬೆರಳಿನ ಪ್ರದರ್ಶನ ಇರಲೇಬೇಕೆಂಬುದು ಬಹಳ ಕಾಲದ ಕ್ರಮ. ಈ ಸಲ ಅಲ್ಲೇ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಅವರು ಗರಡಿಯಲ್ಲಿ ತಿಳಿಸಿದಾಗ ಸ್ಟುಡಿಯೋದವನು ಹೌಹಾರಿದ. ಅವನು ತನ್ನ ಅಂಗಡಿಯ ಮಾಳಿಗೆಯಲ್ಲಿ "ಏಳು ದಿನಗಳಲ್ಲಿ ಮರ್ಮವಿದ್ಯೆ" ಎಂದು ಬೋರ್ಡು ಹಾಕಿ ಕಲಿಸಲು ಶುರುಮಾಡಿದ್ದ.

"ನಮ್ಮೊಳ್ಗೇ ತಿದ್ಕಳವ ಗುರುಗಳೇ," ಎಂದು ಅಂಗಲಾಚಿದ. "ಮೈಕ್‌ನಲ್ಲಿ ಯಾಕೆ? ಇಷ್ಟ್ ವರ್ಷದ್ ಎಸ್ರು ಒಂದೇ ದಿನಕ್ಕೆ ಓಯ್ತದೆ."

"ಎಸ್ರು ಓದ್ರೆ ನಂದೊಂದ್ ಓಯ್ತದೆ," ಎಂದರು ಉಸ್ತಾದರು. "ನನ್ ಎಸ್ರು ಕೇಳಿ ಯಾವ್ದೋ ಊರಿನ್ ಎಣ್ಮಗ ಬೆಳ್ಳ್ ನಂಬ್ಕಂಡು ಓಗಿ, ಇಡ್ಕಂಡೋನು ಬುಡ್ದೇ ಓದ್ರೆ ಏನ್ ಓಯ್ತದೆ? ನೀನೇ ಯೋಳ್ಲಾ."

ಅವನು ಅಂಗಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ರಾಜ್ಯೋತ್ಸವದ ದಿನ ನಿರೂಪಕರು ಅವರನ್ನು ಮುಟ್ಟದೆ ಕೆಡಹುವ ಮಹಾನುಭಾವರೆಂದು ಕರೆದು ಮೈಕು ಕೊಟ್ಟರು. ಅವರು ನನ್ನನ್ನು ಕರೆಯಲಿಲ್ಲ. ಬಂದೋಬಸ್ತಿಗೆ ನಿಂತಿದ್ದ ಆರಡಿಯ ಪೊಲೀಸರೊಬ್ಬರನ್ನು ಕರೆದು, ಕೈ ಹಿಡಿದುಕೊಳ್ಳಿ, ಏನೇ ಆದರೂ ಬಿಡಬೇಡಿ, ನನ್ನ ಮೇಲೆ ದಯೆಯನ್ನಂತೂ ತೋರಿಸಬೇಡಿ ಎಂದರು. ಒತ್ತಿದರು. ಪೊಲೀಸರು ಸಂಕೋಚದಿಂದ ಮುಗುಳ್ನಕ್ಕರು. ಉಸ್ತಾದರು ಹನ್ನೆರಡನ್ನೂ ಒತ್ತಿ ತೋರಿಸಿದರು. ಏಳನೆಯದರ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಸಿಳ್ಳೆ ಶುರುವಾಗಿತ್ತು. ಅವರ ಕಿವಿಗಳು ಕೆಂಪಾದದ್ದು ನನಗೆ ಕಂಡಿತು. ಆದರೂ ಒಂದನ್ನೂ ಬಿಡದೆ ಮುಗಿಸಿ ಮತ್ತೆ ಮೈಕು ತೆಗೆದುಕೊಂಡರು.

"ನೋಡುದ್ರಲ್ಲ. ಇದು ನಡಿಯಕ್ಕಿಲ್ಲ. ಇಷ್ಟ್ ವರ್ಷ ಇದೇ ಜಾಗದಲ್ಲಿ ನಿಂತು ನಿಮ್ಗೆ ಸುಳ್ಳ್ ತೋರ್ಸಿವ್ನಿ. ಗೊತ್ತಿದ್ದು ತೋರ್ಸಿದ್ದಲ್ಲ. ಗೊತ್ತಾದ್ ಮೇಲೆ ತೋರ್ಸುದ್ರೆ ತಪ್ಪಾಯ್ತದೆ. ನನ್ ನೋಡಿ ಯಾರಾರಾ ಮನೇಲಿ ಎಣ್ಮಕ್ಳಿಗೆ ಇದ್ನ ಯೋಳ್ಕೊಟ್ಟಿದ್ರೆ, ಇವತ್ತೇ ಓಗಿ ಮರ್ತ್‌ಬುಡಿ ಅನ್ನಿ."

ಮೈದಾನ ಗುಜುಗುಜು ಎಂದಿತು. ಅಷ್ಟರಲ್ಲಿ ಅವರು ಆ ಹೆಣ್ಣುಮಗಳನ್ನು ಕರೆದರು. ಪೊಲೀಸರು ಆಕೆಯ ಮಣಿಕಟ್ಟು ಹಿಡಿದರು. ಆಕೆ ತಿರುಗಿಸಿ ಜಗ್ಗಿದಳು, ಕೈ ಬಂತು. ಮೊಣಕೈ ಪೊಲೀಸರ ಮೂಗಿನಿಂದ ಒಂದಂಗುಲ ದೂರದಲ್ಲಿ ನಿಂತಿತು. ಟೋಪಿ ಮಾತ್ರ ಬಿತ್ತು. ಆಕೆ ಕೂಗಿದ ಕೂಗಿಗೆ ಕೋಲಾಟದ ಮಕ್ಕಳು ಬೆಚ್ಚಿದರು. ಆಮೇಲೆ ಓಡಿದಳು. ಗೇಟಿನವರೆಗೆ ಹೋಗಿ ವಾಪಸ್ಸು ಬಂದು ನಮಸ್ಕಾರ ಮಾಡುತ್ತಾಳೆಂದು ಸಭೆ ಕಾಯಿತು. ಪೂರ್ತಿ ಓಡಬೇಕೆಂದು ಕಲಿತಿದ್ದರಿಂದ ಆಕೆ ಗೇಟು ದಾಟಿ ಬಸ್ ಸ್ಟ್ಯಾಂಡಿನವರೆಗೆ ಓಡಿದಳು.

ಅಲ್ಲಿಗೆ ಅವರ ಕೀರ್ತಿ ಸಮಾಪ್ತಿಯಾಯಿತು. ಮಾರನೆಯ ವರ್ಷ ಕರೆ ಬರಲಿಲ್ಲ. ಸ್ಟುಡಿಯೋದವನು ಎರಡು ತಿಂಗಳು ಮಾತು ಬಿಟ್ಟು, ಆಮೇಲೆ ಬೋರ್ಡು ಇಳಿಸಿ ಒಂದು ಬೆಳಗ್ಗೆ ಏನೂ ಆಗದವನಂತೆ ಗರಡಿಗೆ ಬಂದು ಬಸ್ಕಿ ಹೊಡೆಯತೊಡಗಿದ. ಬಸ್ಸಿನ ಪಡ್ಡೆಗಳು "ಕಂಡಕ್ಟ್ರೇ, ಒಂಚೂರ್ ಬೆನ್ ಒತ್ತಿ" ಎಂದು ಗೇಲಿ ಮಾಡಿದರೆ ಇವರು ಟಿಕೆಟ್ ಕೊಟ್ಟು ಮುಂದೆ ಹೋಗುತ್ತಿದ್ದರು. ನನ್ನ ಇಡೀ ನೌಕರಿ ನಡೆದಿರುವುದು ದಾಖಲೆಗಳ ನಡುವೆ. ಒಂದು ಸರ್ವೆ ನಂಬರು ತಪ್ಪಾಗಿ ಬರೆದದ್ದನ್ನು ಒಪ್ಪಿಕೊಳ್ಳಲಾರದೆ, ಆ ತಪ್ಪನ್ನು ಕಾಪಾಡಲು ಹತ್ತು ಹೊಸ ತಪ್ಪು ಬರೆದವರನ್ನು ಅಲ್ಲಿ ಕಂಡಿದ್ದೇನೆ. ಒಂದೆರಡನ್ನು ನಾನೂ ಬರೆದಿದ್ದೇನೆ. ತನ್ನ ಹೆಸರಿನ ಮೇಲೆ ತಾನೇ, ಮೈಕು ಹಿಡಿದು, ಊರೆದುರು ಗೀಟು ಎಳೆದವರನ್ನು ಕಂಡದ್ದು ಒಂದೇ ಸಲ. ಅವರ ಶಿಷ್ಯ ನಾನು ಎಂದು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮೊದಲು ಹೇಳುವಾಗ ಇಷ್ಟು ಧೈರ್ಯವಿರಲಿಲ್ಲ.

ಬೈಕಿನವನು ಅಷ್ಟು ದಿನ ಕಾಣದಿದ್ದವನು ಆ ರಾಜ್ಯೋತ್ಸವದ ಮುಂದಿನ ಸಂಕ್ರಾಂತಿ ಕಳೆದ ಮೇಲೆ ಗದ್ದೆ ದಾರಿಯಲ್ಲಿ ಮತ್ತೆ ಬಂದ. ಅದು ನಮಗೆ ತಿಳಿದದ್ದು ಮಾರನೆಯ ಬೆಳಗ್ಗೆ, ಬಸ್ಸು ಕಾಲುವೆ ಸ್ಟಾಪಿನಲ್ಲಿ ನಿಂತಾಗ. ಆಕೆ ಹತ್ತಿದಳು. ಬಳೆ ಒಡೆದು ಮಣಿಕಟ್ಟಿನ ಮೇಲೆ ಎರಡು ಗೀರು ಬಿದ್ದಿದ್ದವು. ಉಸ್ತಾದರು ಅದನ್ನು ನೋಡಿದರು. ಆಕೆಯೇ ಅವರ ಕೈಯನ್ನು ಹಿಡಿದು ತೋರಿಸಿದಳು.

"ಇಂಗ್ ಇಡ್ದ ಸಾ. ನಾನ್ ಇಂಗ್ ತಿರುಗುಸ್ದೆ."

"ಬುಡ್ತಾ?"

"ಬುಡ್ತು. ಆಮೇಲ್ ಮೊಣ್ಕೈ. ಮೂಗಿಗೇ ಬಿತ್ತು."

"ಕೂಗ್ದಾ?"

"ಗದ್ದೇಲಿದ್ದೋರೆಲ್ಲ ಬಂದ್ರು. ಅವ್ರೇ ಅವನ್ನ ಇಡ್ದು ಸ್ಟೇಷನ್‌ಗೆ ಕರ್ಕಂಡ್ ಓದ್ರು."

"ಓಡ್ದಾ?"

"ನಮ್ಮನೆ ದಾಟ್ಕಂಡ್ ಓಡ್ದೆ ಸಾ. ಆಮೇಲ್ ವಾಪಸ್ ಬಂದೆ."

ಉಸ್ತಾದರು ತಲೆಯಾಡಿಸಿ ಆಕೆಗೆ ಟಿಕೆಟ್ ಕೊಟ್ಟರು. ಆಕೆ ಒಳಗೆ ಹೋಗಿ ಗೆಳತಿಯರ ನಡುವೆ ಕೂತಳು. ಅವರು ಬಾಗಿಲ ಕಂಬಿ ಹಿಡಿದು, ನಮ್ಮ ಕಡೆಗೆ ಬೆನ್ನು ಮಾಡಿ, ಕಬ್ಬಿನ ಗದ್ದೆಯ ದಾರಿಯನ್ನು ನೋಡುತ್ತ ನಿಂತರು. ಬಸ್ಸು ಹೊರಡಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿದರು. ಬಸ್ಸಿನ ತುಂಬ ಕಾರ್ಖಾನೆಗೆ, ಕಚೇರಿಗೆ, ಕೋರ್ಟಿಗೆ ಹೊತ್ತಾದವರು, ಒಬ್ಬರೂ ಉಸಿರೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟುಕೊಂಡರು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲಕ್ಕೆ ಬಸ್ಸು ಹೊರಟಿತು.